ಮೂರು ಡಿಗ್ರಿ

ಪರದೆಯ ಮೇಲೆ ಅದು ಒಂದೇ ಸಂಜೆಯಲ್ಲಿ ಬಾಗಿತ್ತು.
ಬೆರಳಲ್ಲಿ ತುಸು ಎಳೆದೆ, ತಗಡು ಬಳುಕಿತು,
ಟ್ರಾಮ್ ನಿಲ್ದಾಣಕ್ಕೊಂದು ಚಾವಣಿ, ನಲವತ್ತೆರಡು ತುಂಡು,
ತೂಕವಿಲ್ಲ, ತುಕ್ಕಿಲ್ಲ, ಅಂಚಿಗೆ ರಕ್ತವಿಲ್ಲ.
ಪ್ರೊಫೆಸರ್ ಕನ್ನಡಕ ಒರೆಸಿಕೊಂಡರು:
"ಚೆಂದ ಇದೆ. ಇದರಲ್ಲಿ ಒಂದನ್ನು ಮಾಡಿ ತಾ."

ಫೆಬ್ರವರಿಯ ಮುಂಜಾನೆ, ಹೆಪ್ಪುಗಟ್ಟಿದ ಕಾಲುವೆ ದಾಟಿ
ಗ್ದಾನ್ಸ್ಕ್ ಹಡಗುಕಟ್ಟೆಯ ಹಿಂಬದಿಗೆ ಹೋದೆ.
ಕ್ರೇನುಗಳು ಕೊರಳು ಚಾಚಿ ನಿಂತಿದ್ದವು,
ಬರುತ್ತೇನೆಂದವರು ಬಾರದೆ ಹೋದ ಹಾಗೆ.
ಇಟ್ಟಿಗೆ ಶೆಡ್ಡಿನ ಒಂದು ಮೂಲೆಯಲ್ಲಿ
ಕಾಲೇಜಿನ ಲೇಸರ್ ಕಟ್ಟರ್, ಕಿತ್ತಳೆ ಬಣ್ಣದ ರೋಬೋ ತೋಳು.
ಇನ್ನೊಂದರಲ್ಲಿ ಮರಳಿನ ಚೀಲ, ಮರದ ಸುತ್ತಿಗೆ,
ಎರಡು ಗಾಲಿ ಕಚ್ಚಿಕೊಂಡ ಹಳೆಯ ಉರುಳುಯಂತ್ರ,
ಮತ್ತು ಬೊಗುಮಿಲ್ ಮೇಸ್ತ್ರಿ.

ಮೂವತ್ತೆಂಟು ವರ್ಷ ಹಡಗಿನ ಮೂತಿಗೆ ತಗಡು ಮಣಿಸಿದವರು.
ಎಡಗಿವಿ ಪೂರಾ ಹೋಗಿದೆ,
ಬಲಗಿವಿ ಅವರಿಗೆ ಬೇಕಾದಾಗ ಕೇಳುತ್ತದೆ.
ನನ್ನ ಹೆಸರು ಯುದಿತಾ ಎಂದೆ.
ಮೊದಲ ವಾರವೆಲ್ಲ "ಏ ಕಂಪ್ಯೂಟರ್" ಎಂದೇ ಕರೆದರು.

ಲೇಸರ್ ಕೊರೆದದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.
ಮೂವತ್ತೆರಡು ಡಿಗ್ರಿಗೆ ಬಗ್ಗಿಸಿ ಬಿಟ್ಟೆ.
ತಗಡು ಒಂದು ಉಸಿರು ಎಳೆದುಕೊಂಡು
ಇಪ್ಪತ್ತೊಂಬತ್ತಕ್ಕೆ ಬಂದು ಕೂತಿತು.
"ಮೂರು ಡಿಗ್ರಿ ಎಲ್ಲಿ ಹೋಯಿತು?"
"ಎಲ್ಲಿಗೂ ಇಲ್ಲ. ತನ್ನದನ್ನು ತಾನು ಇಟ್ಟುಕೊಂಡಿತು."

ಪುಸ್ತಕದಲ್ಲಿ ಇದಕ್ಕೊಂದು ಹೆಸರಿದೆ, ಸೂತ್ರವೂ ಇದೆ.
ಸೂತ್ರದಂತೆ ಮೂವತ್ತೈದಕ್ಕೆ ಬಗ್ಗಿಸಿದೆ,
ಒಂದು ಮೂವತ್ತಮೂರಕ್ಕೆ ನಿಂತಿತು, ಇನ್ನೊಂದು ಮೂವತ್ತೊಂದಕ್ಕೆ.
ಒಂದೇ ಗಿರಣಿ, ಒಂದೇ ದಪ್ಪ, ಒಂದೇ ದಿನದ ಬಿಲ್ಲು!
ಮೇಸ್ತ್ರಿ ಎರಡನ್ನೂ ಕಿಟಕಿಯ ಬೆಳಕಿಗೆ ಓರೆ ಹಿಡಿದರು,
ಕಂಡೂ ಕಾಣದ ಗೆರೆಗಳು, ಇದರಲ್ಲಿ ಉದ್ದಕ್ಕೆ, ಅದರಲ್ಲಿ ಅಡ್ಡಕ್ಕೆ.
"ಬಟ್ಟೆಗಿರುವಂತೆ ಇದಕ್ಕೂ ಎಳೆ ಇದೆ, ಮಗು.
ದರ್ಜಿಯ ಮಗಳಿಗಾದರೂ ಗೊತ್ತಿರುತ್ತಿತ್ತು."

ನಾನು ದರ್ಜಿಯ ಮೊಮ್ಮಗಳೇ. ಹೇಳಲಿಲ್ಲ.

ಉರುಳುಯಂತ್ರದ ಮುಂದೆ ನಿಲ್ಲಿಸಿದರು.
ಹಿಡಿದುಕೋ, ಆದರೆ ಅದುಮಬೇಡ,
ತಳ್ಳು, ಆದರೆ ಅವಸರ ಬೇಡ,
ಕಣ್ಣು ಮುಚ್ಚು, ಕಣ್ಣು ನಿನ್ನನ್ನು ಮೆಚ್ಚಿಸಲು ಸುಳ್ಳು ಹೇಳುತ್ತದೆ.
ತೆಳು ಹತ್ತಿಯ ಗವಸು ಕೊಟ್ಟರು.
ಬರಿಗೈಗೆ ಸಿಗದ ಉಬ್ಬು ಗವಸಿಗೆ ಸಿಗುತ್ತದಂತೆ.
ನಾನು ನಂಬಲಿಲ್ಲ. ಆಮೇಲೆ ಸಿಕ್ಕಿತು.

ಹನ್ನೊಂದು ತುಂಡು ಗುಜರಿಗೆ ಹೋದವು.
ಒಂದರ ಅಂಚು ಕೊಡೆಯ ಹಾಗೆ ಸುರುಟಿತು,
ಒಂದರ ಹೊಟ್ಟೆ ಬಿಸ್ಕತ್ತು ಡಬ್ಬಿಯ ಮುಚ್ಚಳದಂತೆ
ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ, ಟಪ್, ಟಪ್.
ಏಳನೆಯದನ್ನು ಬಾಗಿಲ ಬಳಿ ಇಟ್ಟು
ಹಿಮ ಹತ್ತಿದ ಬೂಟು ಬಿಡುತ್ತಿದ್ದರು ಮೇಸ್ತ್ರಿ.
"ಇದಕ್ಕೆ ಸರಿಯಾದ ಹದ" ಎಂದರು.
ನಗುವುದೋ ಅಳುವುದೋ ತಿಳಿಯದೆ
ಅವರ ಡಬ್ಬಿಯಿಂದ ಉಪ್ಪಿನ ಸೌತೆ ಎತ್ತಿಕೊಂಡು ತಿಂದೆ.

ಮಾರ್ಚಿನಲ್ಲಿ ರೋಬೋಗೆ ಒಂದು ತುಂಡು ಕೊಟ್ಟೆವು.
ಅದರ ಉಕ್ಕಿನ ಬೆರಳು ಸುತ್ತಿ ಸುತ್ತಿ ಸುತ್ತಿ
ತಗಡನ್ನು ಕೂದಲೆಳೆಯಷ್ಟೇ ಕೆಳಕ್ಕೆ ತಳ್ಳುತ್ತಾ ಹೋಯಿತು.
ಮೇಸ್ತ್ರಿ ಸ್ಟೂಲು ಎಳೆದುಕೊಂಡು ನಾಲ್ಕು ಗಂಟೆ ಕೂತರು,
ಗಾಜಿನ ಲೋಟದ ಚಹಾ ಆರಿ ಹೋಯಿತು.
"ದಣಿಯುವುದೇ ಇಲ್ಲವಲ್ಲ, ಪಾಪ" ಎಂದರು.
ಮುಗಿದ ಮೇಲೆ ಗವಸು ಹಾಕಿ, ಮುಖ ಬೇರೆಡೆಗೆ ತಿರುಗಿಸಿ
ಅಂಗೈ ಹರಿಸಿದರು. "ಇಲ್ಲಿ."

ಸ್ಕ್ಯಾನರ್ ಹಿಡಿದೆ. ಹಸಿರು ಹಸಿರಿನ ನಡುವೆ
ಅದೇ ಜಾಗದಲ್ಲಿ ಒಂದು ಕೆಂಪು ಮಚ್ಚೆ,
ಅರ್ಧ ಮಿಲಿಮೀಟರಿಗೂ ಕಡಿಮೆ.
"ನನಗೂ ತೋರಿಸು" ಎಂದು ಬಗ್ಗಿದರು.
ಬಹಳ ಹೊತ್ತು ನೋಡಿ, ಗವಸು ಕಳಚಿ,
ಆ ಕೆಂಪಿನ ಮೇಲೆ ಬೆರಳಿಟ್ಟರು.
ಪರದೆ ನುಣ್ಣಗಿತ್ತು.
"ಇದಕ್ಕೆ ಹೇಗೆ ಗೊತ್ತಾಯಿತು?" ಎಂದರು, ಮೆಲ್ಲಗೆ.
ಅದನ್ನೇ ನಾನೂ ಅವರನ್ನು ಕೇಳಬೇಕೆಂದಿದ್ದೆ.

ಪ್ರೋಗ್ರಾಮಿನಲ್ಲಿ ಆ ಸಂಖ್ಯೆಗೆಂದು ಒಂದು ಖಾಲಿ ಚೌಕವಿದೆ.
ಮೂರು ಎಂದು ಬರೆದೆ, ಅಳಿಸಿದೆ.
ನಾಳೆ ಪ್ರೊಫೆಸರ್ ಕೇಳುತ್ತಾರೆ.

ರಾತ್ರಿ ಟ್ರಾಮಿನಲ್ಲಿ ನಿಂತೇ ಹೊರಟೆ.
ತಣ್ಣನೆಯ ಕಂಬದ ಮೇಲೆ ಕೈ ತಾನಾಗಿ ಜಾರಿ
ಒಂದು ತಗ್ಗಿನ ಬಳಿ ನಿಂತಿತು.
ಯಾರ ಭುಜವೋ, ಯಾರ ಸೈಕಲ್ಲೋ, ಯಾವ ವರ್ಷದ್ದೋ.
ಹೆಬ್ಬೆರಳಿಂದ ಸವರುತ್ತಾ ಇದ್ದೆ.
ನನ್ನ ನಿಲ್ದಾಣ ಹಿಂದೆ ಹೋಗಿತ್ತು.